ಗೋದಲಿಯಲ್ಲಿ ಉಳಿದದ್ದು

ಇಪ್ಪತ್ತೆರಡು ವರ್ಷಗಳಿಂದ ಗೋದಲಿಯಕ್ಕನಿಗೆ ಬೆಳಗಾದರೆ ಒಂದೇ ಕೆಲಸ. ಹಿಂದಿನ ದಿನ ಹಸುಗಳು ತಿನ್ನದೆ ಬಿಟ್ಟ ಮೇವನ್ನು ಗೋದಲಿಯಿಂದ ಗೋರಿ ಬಕೆಟ್ಟಿಗೆ ತುಂಬುವುದು, ತಕ್ಕಡಿಯ ಮೇಲಿಟ್ಟು ತೂಕ ಕೂಗಿ ಹೇಳುವುದು. ಪಶು ಆಹಾರ ಸಂಶೋಧನಾ ಸಂಸ್ಥೆಯ ಅಷ್ಟೂ ವಿಜ್ಞಾನ ಕೊನೆಗೆ ಬಂದು ಬೀಳುತ್ತಿದ್ದದ್ದು ಆ ಬಕೆಟ್ಟಿಗೆ, ಮತ್ತು ಆ ಬಕೆಟ್ಟು ಎಂದೂ ಬರಿದಾಗಿರಲಿಲ್ಲ.

ಸಮುದ್ರದ ಪಾಚಿ ಬಂತು, ಹುಳುವಿನ ಪುಡಿ ಬಂತು, ಯಾವುದೋ ಮರದ ಕಹಿ ಎಲೆ ಬಂತು. ಒಂದೊಂದಕ್ಕೂ ಅನುದಾನ, ಬ್ಯಾನರು, ಹಸುವಿನ ಕೊರಳಿಗೆ ಕೈ ಹಾಕಿಕೊಂಡು ಫೋಟೊ. ಹಸು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಇನ್ನೂ ಸಂಶೋಧನೆ ಅಗತ್ಯವೆಂದು ವರದಿ ಹೋಗುತ್ತಿತ್ತು, ಮತ್ತೆ ಅನುದಾನ ಬರುತ್ತಿತ್ತು. ನಿರ್ದೇಶಕರೋ, ಹಸುವಿನ ಯಾವ ತುದಿಗೆ ಮೇವು ಹಾಕಬೇಕೆಂದು ಕೇಳಿದರೂ ಸಮಿತಿ ರಚಿಸುವ ಪೈಕಿ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ," ಎಂದು ಅವಳು ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಹೇಳುತ್ತಿದ್ದಳು. ಅವನು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು.

"ಅವರ ಅನ್ನ ತಿಂತಿದ್ದೀವಿ ಕಣೆ."

"ಅನ್ನ ನನ್ನ ರಟ್ಟೇದು. ಅವರದೇನಿದ್ರೂ ಈ ಸೂರು."

ಸೂರು ಸಂಸ್ಥೆಯದೇ, ಕೊಟ್ಟಿಗೆಯ ಹಿಂದಿನ ಎರಡು ಕೋಣೆ. ಕಣ್ಣು ಕಾಣದ ಅತ್ತೆ ಅಲ್ಲಿ ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ ಎಂದು ಎಣಿಸಿಕೊಂಡೇ ಓಡಾಡುತ್ತಿದ್ದಳು.

ಆಮೇಲೆ ಆ ಹುಡುಗಿ ಬಂದಳು. ಹೊಸ ಸಂಶೋಧಕಿ, ತೋಳು ಮಡಚಿ ತಾನೇ ಕಲಸುವವಳು. ಹಣ್ಣಿನ ರಸದ ಕಾರ್ಖಾನೆಯವರು ಎಸೆಯುವ ಸಿಪ್ಪೆಯನ್ನು ಡ್ರಮ್ಮುಗಳಲ್ಲಿ ಹುಳಿ ಬರಿಸಿ, ಒಣಹುಲ್ಲಿನ ಜೊತೆ ಬೆರೆಸಿದಳು. "ಹಂದೀನೂ ಮೂಸಲ್ಲ ಮಗಳೇ," ಎಂದು ಗೋದಲಿಯಕ್ಕ ಮೂಗು ಮುರಿದಿದ್ದಳು. ಒಂದು ವರ್ಷ ಅವಳ ಮಾತೇ ನಿಜವಾಯಿತು. ಹುಡುಗಿ ಹುಳಿ ಹೆಚ್ಚು ಕಡಿಮೆ ಮಾಡುತ್ತಲೇ ಇದ್ದಳು. ಒಂದು ಬೆಳಿಗ್ಗೆ ನೋಡಿದರೆ ಆರು ಗೋದಲಿಯೂ ತೊಳೆದಿಟ್ಟ ಹಾಗಿವೆ. ಮರುದಿನವೂ ಅಷ್ಟೇ, ತಿಂಗಳಿಡೀ ಅಷ್ಟೇ. ಹಾಲು ಒಂದು ಲೋಟವೂ ಇಳಿಯಲಿಲ್ಲ. ಆ ಕಟ್ಟಡದಲ್ಲಿ ಗೌರವ ಕೊಡಬೇಕಾದವರು ಒಬ್ಬರಿದ್ದಾರೆ ಎನ್ನುವುದೇ ಗೋದಲಿಯಕ್ಕನಿಗೆ ಹೊಸದು.

ನಿರ್ದೇಶಕರು ಗೋದಲಿಯಕ್ಕನನ್ನು ಕರೆಸಿದರು. "ಸೊನ್ನೆನಾ? ಆರೂ ಹಸೂದು ಸೊನ್ನೆನಾ?"

"ನೆಕ್ಕಿ ಬಿಟ್ಟಿವೆ ಸಾರ್."

ಅವರ ಮುಖ ಹರಳೆಣ್ಣೆ ಕುಡಿದಂತಾಯಿತು. "ನೋಡಮ್ಮ, ಮೇವು ಸಿಕ್ಕಿಬಿಟ್ರೆ ಮೇವು ಹುಡುಕೋದಕ್ಕೆ ಯಾರು ದುಡ್ಡು ಕೊಡ್ತಾರೆ? ಯೋಜನೆ ಮುಚ್ತಾರೆ. ಹಸು ಹರಾಜು. ಆಮೇಲೆ ನಿನ್ನ ಕೆಲಸ, ಆ ಮನೆ... ಸ್ವಲ್ಪನಾದ್ರೂ ಉಳೀಬೇಕು. ಎರಡರಷ್ಟು ಹಾಕಿ ನೋಡು."

ಹಾಕಿದಳು. ಹಸುಗಳಿಗೆ ಆಡಳಿತ ಎಲ್ಲಿಂದ ತಿಳಿಯಬೇಕು? ಅದನ್ನೂ ತಿಂದು ತೇಗಿದವು. ಅವಳು ನಿರ್ದೇಶಕರನ್ನು ನೆನೆದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಮುಂದಿನ ವಾರ ಅನುದಾನದ ಸಮಿತಿ ಬಂತು. ಐದು ಜನ, ಐದು ಮೂಗು, ಐದು ಕರವಸ್ತ್ರ. ಬೂಟಿಗೆ ಸಗಣಿ ತಾಗದಿರಲೆಂದು ಹಲಗೆ ಹಾಸಿತ್ತು. ಇಂಥವರು ಹಸುವಿನ ಹೊಟ್ಟೆಯ ವಿಚಾರ ತೀರ್ಮಾನಿಸುತ್ತಾರಲ್ಲ ಎಂದು ಗೋದಲಿಯಕ್ಕನಿಗೆ ಉಗಿಯುವ ಹಾಗಾಯಿತು. ಇದು ರೈತರಿಗೆ ಕೊಡಲು ತಯಾರಿದೆ ಎಂದು ಹುಡುಗಿ ಕಾಗದ ತೋರಿಸಿ ವಿವರಿಸುತ್ತಿದ್ದಳು. ಅಷ್ಟರಲ್ಲಿ ಅಧ್ಯಕ್ಷರು ಕರವಸ್ತ್ರ ಕೆಳಗಿಳಿಸಿ ಗೋದಲಿಯಕ್ಕನ ಕಡೆ ತಿರುಗಿದರು.

"ಕಾಗದ ಇರ್ಲಿ. ದಿನಾ ನೋಡೋರು ನೀವು. ಹೇಳಿಯಮ್ಮಾ, ಹಸು ಏನಾದ್ರೂ ಬಿಡ್ತಾವಾ?"

ಇಪ್ಪತ್ತೆರಡು ವರ್ಷದಲ್ಲಿ ಕೇಳಬೇಕಾದ ಪ್ರಶ್ನೆಯನ್ನು, ಕೇಳಬೇಕಾದವಳನ್ನು ಕೇಳಿದ ಮೊದಲ ಮನುಷ್ಯ. ಹುಡುಗಿಯ ಮುಖ ಅರಳಿತು. ಗೋದಲಿಯಕ್ಕನ ಕಣ್ಣಿಗೆ ಮಾತ್ರ, ಗೊತ್ತಿಲ್ಲದ ಮನೆಯ ಗೋಡೆ ತಡಕುತ್ತಿರುವ ಅತ್ತೆ ಕಂಡಳು.

"ಸ್ವಲ್ಪ ಬಿಡ್ತಾವೆ ಸಾರ್."

"ಮತ್ತೆ ಇಲ್ಲಿ ಸೊನ್ನೆ ಅಂತಿದೆ?"

"ಅದು ಕರಡು ಸಾರ್, ತಿದ್ದಿ ಕೊಡ್ತೀವಿ," ಎಂದು ನಿರ್ದೇಶಕರು ಮುಂದೆ ಬಂದರು. ಅಧ್ಯಕ್ಷರು ಕರವಸ್ತ್ರ ಮೂಗಿಗೇರಿಸಿಕೊಂಡರು. ಯೋಜನೆಗೆ ಅಲ್ಲೇ ಇನ್ನೂ ಮೂರು ವರ್ಷ ಸಿಕ್ಕಿತು. ಹೋಗುವಾಗ ನಿರ್ದೇಶಕರು ಗೋದಲಿಯಕ್ಕನ ಪಕ್ಕ ನಿಂತು, "ನೀನು ನಮ್ಮವಳು ಕಣಮ್ಮ," ಎಂದರು. ಅವಳು ಬಗ್ಗಿ ಹಾಸಿದ್ದ ಹಲಗೆಗಳನ್ನು ಎತ್ತತೊಡಗಿದಳು.

ಮಧ್ಯಾಹ್ನ ಹುಡುಗಿ ಹೊಸ ಪುಸ್ತಕ ಹಿಡಿದು ಕೊಟ್ಟಿಗೆಗೆ ಬಂದಳು. ಬೈಯಲಿ, ಅಳಲಿ, ಥೂ ಎನ್ನಲಿ ಎಂದು ಗೋದಲಿಯಕ್ಕ ಕಾದಳು. ಹುಡುಗಿ ಸ್ಟೂಲು ಎಳೆದು ಕೂತು ಪೆನ್ನು ತೆರೆದಳು.

"ತಿದ್ದಿ ಬರೀಬೇಕಂತೆ ಅಕ್ಕಾ. ಸ್ವಲ್ಪ ಅಂದ್ರೆ ಎಷ್ಟು? ಒಂದನೇ ತಾರೀಕು, ಮೊದಲನೇ ಹಸು?"

"ಏನೋ ಒಂದು ಬರ್ಕೋ ಮಗಳೇ."

"ನಂಗೆ ಸುಳ್ಳು ಬರಿಯೋಕೆ ಬರಲ್ಲ. ನೀವು ಹೇಳಿ, ಬರ್ಕೋತೀನಿ."

"ಎರಡು ಕಿಲೋ."

"ಎರಡನೇದು?"

"ಒಂದೂವರೆ."

ಪಕ್ಕದಲ್ಲೇ ಎರಡನೇ ಹಸು ಖಾಲಿ ಗೋದಲಿಯನ್ನು ಗರಗರ ನೆಕ್ಕುತ್ತಿತ್ತು. ಹುಡುಗಿ ಅತ್ತ ನೋಡದೆ ದುಂಡಗೆ ಬರೆದಳು. ಆರೂ ಹಸು ಮುಗಿದವು. ಗೋದಲಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಏಳಹೋದಳು.

"ಕೂತ್ಕೊಳ್ಳಿ ಅಕ್ಕಾ, ತಿಂಗಳು ಪೂರ್ತಿ ಇದೆ," ಎಂದು ಹುಡುಗಿ ಹಾಳೆ ಮಗುಚಿದಳು. "ಎರಡನೇ ತಾರೀಕು. ಮೊದಲನೇ ಹಸು?"