ಹಲ್ಲಿನ ಡಾಕ್ಟರ ಬಾತುಕೋಳಿಗಳು

ನನ್ನ ತಂಗಿ ಹಲ್ಲಿನ ಡಾಕ್ಟರು. ಕೂದಲೆಳೆಯಷ್ಟು ಹುಳುಕನ್ನೂ ಬಿಡುವವಳಲ್ಲ. ಅಂಥವಳ ಹೊಟ್ಟೆಯಲ್ಲಿ ನಮ್ಮ ಗುಂಡ ಹುಟ್ಟಿದ. ನಾಲ್ಕು ತುಂಬಿದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ, ಊಟದ ಡಬ್ಬಿ ತೆರೆಯಲು ಬಾರದ ಮಹಾರಾಜ. ಬಾರದೆಂದಲ್ಲ, ಕಲಿಯಲು ಯಾರೂ ಬಿಟ್ಟಿರಲಿಲ್ಲ. ನಾನು ಅವನ ದೊಡ್ಡಮ್ಮ, ಅದೇ ಮನೆಯಲ್ಲಿ ಇರುವವಳು. ಕಂಡದ್ದನ್ನೇ ಹೇಳುತ್ತೇನೆ.

ಶಿಶುವಿಹಾರದ ಮಿಸ್ಸು ಇದಕ್ಕೊಂದು ಮದ್ದು ಕಂಡುಕೊಂಡಿದ್ದರು: ಸ್ಟಿಕರ್. ಪ್ರತಿ ವಾರ ಒಂದು ಹಾಳೆ ಸ್ಟಿಕರ್, ಒಂದು ಹಾಳೆ ಚಿತ್ರ ಮನೆಗೆ ಬರುತ್ತಿತ್ತು. ಮಗು ತಾನೇ ಉಗುರಿನಿಂದ ಅಂಚು ಎಬ್ಬಿಸಿ, ಎರಡು ಬೆರಳಲ್ಲಿ ಕಿತ್ತು, ಜಾಗ ನೋಡಿ ಹಚ್ಚಬೇಕು. ಬೆರಳಿಗೆ ಬಲ ಬರುತ್ತದೆ, ಕಣ್ಣಿಗೂ ಕೈಗೂ ಸ್ನೇಹವಾಗುತ್ತದೆ, ನಾಳೆ ಗುಂಡಿಯೂ ಪೆನ್ಸಿಲೂ ತಾನಾಗಿ ಒಲಿಯುತ್ತವೆ ಎಂದು ಮಿಸ್ಸು ಪೋಷಕರ ಸಭೆಯಲ್ಲಿ ಒಂದು ಗಂಟೆ ಕೊರೆದರು. ತಂಗಿ ಅಷ್ಟನ್ನೂ ಬರೆದುಕೊಂಡಳು, ‘ಮಗು ತಾನೇ’ ಎಂಬ ಎರಡು ಪದ ಬಿಟ್ಟು.

ಮೊದಲ ಹಾಳೆಯಲ್ಲಿ ಗುಂಡ ಹಸುವನ್ನು ಮೋಡದ ಮೇಲೆ ಹಚ್ಚಿದ. ತಂಗಿಗೆ ಊಟ ಸೇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ತಂಗಿಗೆ ಆ ಹೆಗ್ಗಣವೂ ಗೆರೆ ದಾಟಬಾರದು. ಮುಂದಿನ ವಾರದಿಂದ ಊಟದ ಮೇಜೇ ಕ್ಲಿನಿಕ್ಕಾಯಿತು. ತಲೆಗೆ ದೀಪ ಕಟ್ಟಿಕೊಂಡು, ಹಲ್ಲಿಗೆ ಹತ್ತಿ ಇಡುವ ಚಿಮಟದಲ್ಲಿ ಸ್ಟಿಕರ್ ಎತ್ತಿ, ಮಗನ ತೋರುಬೆರಳ ತುದಿಗೆ ಅಂಟಿಸಿ, ಅವನ ಮಣಿಕಟ್ಟು ಹಿಡಿದು ಗೆರೆಗೆ ಸರಿಯಾಗಿ ಒತ್ತಿಸುವಳು. ಗುಂಡನ ಪಾಲಿನ ಕೆಲಸ ಬೆರಳು ಚಾಚಿಕೊಂಡು ಬಾಯಿ ಮುಚ್ಚಿ ಕೂರುವುದು. ಅವಳ ರೋಗಿಗಳಿಗೆ ಬಾಯಿ ತೆರೆಯುವ ಅವಕಾಶವಾದರೂ ಇದೆ.

“ಅವನೇ ಮಾಡ್ಲಿ ಬಿಡೇ,” ಅಂದೆ ಒಮ್ಮೆ.

“ಅವನೇ ತಾನೇ ಅಕ್ಕ ಮಾಡ್ತಿರೋದು? ಬೆರಳು ಯಾರದ್ದು?”

ಇದಕ್ಕೆ ಉತ್ತರ ಗೊತ್ತಿದ್ದರೆ ನಾನೂ ಡಾಕ್ಟರಾಗಿರುತ್ತಿದ್ದೆ.

ಹಾಳೆಗಳು ಶಾಲೆಯ ಗೋಡೆ ಏರಿದವು. ಇಂಥ ಕೈಚಳಕದ ಮಗುವನ್ನು ತಾವು ಕಂಡೇ ಇಲ್ಲ ಎಂದು ಮಿಸ್ಸು ಹಿಗ್ಗಿದರು. ಅದೇ ಮಗುವಿನ ಗುಂಡಿ ದಿನಾ ತಾವೇ ಹಾಕುತ್ತಿದ್ದರೂ ಅವರಿಗೆ ಸಂಶಯ ಬರಲಿಲ್ಲ.

ವರ್ಷದ ಕೊನೆಗೆ ಬಂತು ಪೇಚು. ಪೋಷಕರ ಎದುರಲ್ಲೇ ಮಗು ಒಂದು ಹಾಳೆ ಮುಗಿಸಬೇಕು. ಆಗದಿದ್ದರೆ ಮೇಲಿನ ತರಗತಿ ಇಲ್ಲ, ಇನ್ನೊಂದು ವರ್ಷ ಚಿಕ್ಕವರ ಜೊತೆಗೇ. ಧೈರ್ಯಕ್ಕೆಂದು ತಂಗಿ ನನ್ನನ್ನೂ ಎಳೆದುಕೊಂಡು ಹೋದಳು. ಅವತ್ತಿನ ಚಿತ್ರ ಒಂದು ಕೆರೆ, ಸ್ಟಿಕರೆಲ್ಲ ಬಾತುಕೋಳಿ. ಗೆಳೆಯರು ಕಿತ್ತು ಹಚ್ಚಿ ಎದ್ದರು. ಗುಂಡ ಮಾತ್ರ ಉಂಗುರ ತೊಡಿಸಿಕೊಳ್ಳುವ ದೊರೆಯ ಹಾಗೆ ಮಿಸ್ಸಿನ ಕಡೆ ಬೆರಳು ಚಾಚಿದ.

“ಇಡಿ ಮಿಸ್,” ಅಂದ.

ಮಿಸ್ಸು ಗೋಡೆಯನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದರು.

“ಅವನಿಗೆ ಇವತ್ತು ನೆಗಡಿ,” ಅಂದಳು ತಂಗಿ.

“ನೆಗಡಿ ಮೂಗಿಗಲ್ವಾ ಮೇಡಂ?”

ನನಗೆ ಬಂದ ನಗು ಮಗುವಿನ ಮುಖ ನೋಡಿ ಇಂಗಿಹೋಯಿತು. ಗೆಳೆಯರು ಮೇಲಿನ ತರಗತಿಯ ಬಾಗಿಲಲ್ಲಿ ಅವನಿಗಾಗಿ ಕಾಯುತ್ತಿದ್ದರು. ಚಾಚಿದ ಬೆರಳು ಇನ್ನೂ ಖಾಲಿ. ತಂಗಿಯ ಕೈ ತಡೆಯಲಾರದೆ ಹಾಳೆಯ ಕಡೆ ಹೊರಟಿತು.

ಗುಂಡ ಹಾಳೆಯನ್ನು ಎದೆಗೆ ಎಳೆದುಕೊಂಡ. ಉಗುರಿನಿಂದ ಕೆರೆದ, ಮೊದಲ ಬಾತುಕೋಳಿಯ ತಲೆ ಹರಿಯಿತು. ತಂಗಿ ತನ್ನ ತಲೆಯೇ ಹೋದಂತೆ ನರಳಿದಳು. ಎರಡನೆಯದನ್ನು ಹಲ್ಲಿನಿಂದ ಕಚ್ಚಿ ಎಬ್ಬಿಸಿದ, ಹಲ್ಲಿನ ಡಾಕ್ಟರ ಮಗನಲ್ಲವೇ. ಅದನ್ನು ಕೆರೆಗೆ ಹಚ್ಚಲಿಲ್ಲ. ಅಮ್ಮನ ಹೆಬ್ಬೆರಳ ತುದಿಗೆ ಹಚ್ಚಿದ. ಇನ್ನೊಂದನ್ನು ಕಿತ್ತು ಅವಳ ತೋರುಬೆರಳಿಗೆ ಹಚ್ಚಿದ.

“ಈಗ ನಿಂಗೆ ಕೀಳಕ್ಕಾಗಲ್ಲ,” ಅಂದ. “ನಾನೇ ಕೀಳ್ತೀನಿ.”

ಉಳಿದವು ಕೆರೆಯ ಆಸುಪಾಸಿಗೆ ಹೋದವು, ಒಂದು ಮರ ಹತ್ತಿತು.

“ಮೇಲಿನ ಕ್ಲಾಸಿಗೆ ಕಳಿಸ್ತೀನಿ ಮೇಡಂ,” ಅಂದರು ಮಿಸ್ಸು. “ಇವನೊಬ್ಬನನ್ನೇ, ನಿಮ್ಮನ್ನಲ್ಲ.”

ಹೊರಗೆ ಮೆಟ್ಟಿಲ ಮೇಲೆ ಗುಂಡ ಬೂಟು ಹಾಕಿಕೊಳ್ಳಲು ಕೂತ. ಅಭ್ಯಾಸಬಲದಿಂದ ಬಗ್ಗಿದ ತಂಗಿ, ಬೆರಳ ಮೇಲಿನ ಬಾತುಕೋಳಿಗಳನ್ನು ಕಂಡು ಕೈ ಹಿಂದಕ್ಕೆ ಕಟ್ಟಿಕೊಂಡಳು. ಅವಳ ಕಣ್ಣು ತುಂಬಿತ್ತು. ಅವನು ಬೆವರು ಸುರಿಸಿ ಹಾಕಿಕೊಂಡ ಬೂಟು ಅದಲುಬದಲಾಗಿತ್ತು. ತಂಗಿ ನೋಡಿದಳು, ಬಾಯಿ ಮುಚ್ಚಿಕೊಂಡು ನಿಂತಳು. ಹುಟ್ಟಿದಾಗಿನಿಂದ ಅವಳನ್ನು ಬಲ್ಲೆ. ಆ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.