ಪೌಡರ್ ಹಚ್ಚಿದ ಎಂಜಿನ್

ಬೀದಿಯವರೆಲ್ಲ ಅವನನ್ನು ಪೌಡರಣ್ಣ ಎನ್ನುತ್ತಿದ್ದರು. ಮುಖ ತೊಳೆಯಲೂ ಪುರುಸೊತ್ತಿಲ್ಲದ ಮೆಕ್ಯಾನಿಕ್ ತಿಂಗಳಿಗೆ ನಾಲ್ಕು ಡಬ್ಬಿ ಪೌಡರ್ ಕೊಂಡರೆ ಜನ ಸುಮ್ಮನಿರುತ್ತಾರೆಯೇ? ಯಾರ ಮುಖಕ್ಕಪ್ಪಾ ಇಷ್ಟೊಂದು ಎಂದು ಅಂಗಡಿಯವನು ಪ್ರತಿ ಸಲ ಕೇಳುತ್ತಿದ್ದ. ಎಂಜಿನ್ ಮುಖಕ್ಕೆ ಎಂದು ಇವನೂ ಪ್ರತಿ ಸಲ ಹೇಳುತ್ತಿದ್ದ. ಮಾತು ನಿಜವೇ. ಎಣ್ಣೆ ಮಹಾ ಕಳ್ಳ. ಸೋರುವುದು ಒಂದು ಕಡೆ, ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಎಂಜಿನ್ನನ್ನು ತೊಳೆದು, ಒಣಗಿಸಿ, ಮೈಗೆಲ್ಲ ಪೌಡರ್ ಉದುರಿಸಿ ಓಡಲು ಬಿಟ್ಟರೆ, ಎಣ್ಣೆ ಮೊದಲು ಹೊರಟ ಜಾಗದಲ್ಲಿ ಬಿಳುಪು ನೆನೆದು ಕಪ್ಪಗಾಗುತ್ತದೆ. ಹೀಗೆ ಅವನು ಪತ್ತೆಹಚ್ಚದ ಸೋರಿಕೆ ಆ ಸುತ್ತಮುತ್ತಲಲ್ಲೇ ಇರಲಿಲ್ಲ.

ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಸಣ್ಣ ಲಾರಿಯೊಂದು ನಿಂತಿತು. ಮುಂದಿನ ಸೀಟಿನಿಂದ ಅವನ ತಂಗಿ ಇಳಿದಳು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದು ಅವಳ ಗಂಡನ ಬೈಕು. ಅದನ್ನು ಕಂಡದ್ದೇ ತಡ, ಪೌಡರಣ್ಣನ ಕೈಯಲ್ಲಿದ್ದ ಸ್ಪ್ಯಾನರ್ ತಾನಾಗಿ ಕೆಳಗಿಳಿಯಿತು.

ಹನ್ನೊಂದು ತಿಂಗಳ ಹಿಂದೆ ಭಾವ ಇದೇ ಬೈಕಿನಲ್ಲಿ ಹೋಗುವಾಗ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಬಿದ್ದು, ಸತ್ತುಹೋಗಿದ್ದ. ಟೈರಿನ ತುಂಬ ಎಂಜಿನ್ ಎಣ್ಣೆ ಮೆತ್ತಿತ್ತು. ಅದಕ್ಕೆ ಎರಡು ತಿಂಗಳು ಮುಂಚೆ ಎಂಜಿನ್ ಬಿಚ್ಚಿ, ಸಂದಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಕೂರಿಸಿ ಮುಚ್ಚಿದವನು ಇವನೇ. ನಿನ್ನ ಕೈಗುಣವೇ ಅವರನ್ನು ತಿಂದಿತು ಎಂದು ತಂಗಿ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೆದುರು ಹೇಳಿದ್ದಳು. ಆಮೇಲೆ ಮಾತುಕತೆಯಿಲ್ಲ. ಅವಳು ಹೇಳಿದ್ದನ್ನು ಇವನೂ ನಂಬಿದ್ದ. ಅಂದಿನಿಂದ ಒಂದು ಬೋಲ್ಟನ್ನು ಮೂರು ಮೂರು ಸಲ ಬಿಗಿಯುತ್ತಿದ್ದ. ಹೊರಟುಹೋದ ಗಿರಾಕಿಯ ಹಿಂದೆ ಓಡಿ, ಗಾಡಿ ನಿಲ್ಲಿಸಿ, ನಾಲ್ಕನೇ ಸಲ ಮುಟ್ಟಿ ನೋಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು.

"ಎಲ್ಲಿಂದ ಸೋರ್ತಿತ್ತು ಅಂತ ನನ್ನ ಎದುರಿಗೇ ನೋಡಿ ಹೇಳು," ಎಂದಳು ತಂಗಿ. "ಬೇರೆಯವರ ಹತ್ರ ತೋರಿಸಬಹುದಿತ್ತು. ಆದ್ರೆ ಕೆಲಸದ ವಿಷಯದಲ್ಲಿ ನೀನು ಸುಳ್ಳು ಹೇಳಲ್ಲ."

ಅವನನ್ನು ಅಣ್ಣ ಎಂದು ಕರೆಯಲಿಲ್ಲ. ಲಾರಿಯವನು ಬೈಕು ಇಳಿಸಿದ ಮೇಲೆ ಸ್ಟೂಲನ್ನು ತಾನೇ ಎಳೆದುಕೊಂಡು ಬೈಕಿನ ಆಚೆ ಬದಿಗೆ ಕೂತಳು.

ಅವನು ಬೈಕನ್ನು ನಡು ಸ್ಟ್ಯಾಂಡಿಗೆ ಏರಿಸಿ ನೆಟ್ಟಗೆ ನಿಲ್ಲಿಸಿದ. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿದ, ಬೇರೊಂದು ಗಾಡಿಯ ಬ್ಯಾಟರಿ ಜೋಡಿಸಿದ. ಒಳಗಿನ ಎಣ್ಣೆಯನ್ನು ಮಾತ್ರ ಮುಟ್ಟಲಿಲ್ಲ. ಬ್ರಷ್ಷಿಗೆ ಸೀಮೆಎಣ್ಣೆ ಅದ್ದಿ ಎಂಜಿನ್ನನ್ನು ಸಂದುಸಂದೂ ಬಿಡದೆ ತಿಕ್ಕಿದ. ಬಟ್ಟೆ ಬೇಕೆಂದು ಕೈ ಚಾಚಿದರೆ ತಂಗಿ ಆಗಲೇ ಹಿಡಿದು ನಿಂತಿದ್ದಳು. ಎರಡು ಜಡೆ ಹಾಕುವ ಕಾಲದಿಂದ ಅವಳಿಗೆ ಇದು ಅಭ್ಯಾಸ. ಶಾಲೆ ಬಿಟ್ಟ ಕೂಡಲೇ ಗ್ಯಾರೇಜಿಗೆ ಬಂದು ಯಾವ ನಂಬರಿನ ಸ್ಪ್ಯಾನರ್ ಎಂದು ಅವನು ಹೇಳುವ ಮುಂಚೆಯೇ ಎತ್ತಿಕೊಡುತ್ತಿದ್ದಳು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಎರಡು ಗೆರೆಗಳ ನಡುವೆ ಎಣ್ಣೆ ಇದೆಯೇ ಎಂದು ನೋಡಲು ಕಲಿಸಿದವನೂ ಇವನೇ.

ಪೌಡರ್ ಉದುರಿಸಿ ಎಂಜಿನ್ ಚಾಲೂ ಮಾಡಿದ. ಅರ್ಧ ಗಂಟೆ ಇಬ್ಬರೂ ಆ ಸದ್ದು ಕೇಳುತ್ತ ಕೂತರು. ಆರಿಸಿ, ಬಗ್ಗಿ, ಟಾರ್ಚ್ ಬಿಟ್ಟ. ಅವನು ಗ್ಯಾಸ್ಕೆಟ್ ಹಾಕಿದ ಸಂದು ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗಿತ್ತು. ಒಂದು ಚುಕ್ಕೆ ಎಣ್ಣೆಯಿಲ್ಲ. ಹನ್ನೊಂದು ತಿಂಗಳಿಂದ ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಸತ್ತವನ ಬೈಕಿನ ಮುಂದೆ ಕೂತು ಖುಷಿಪಡುತ್ತಿದ್ದೇನಲ್ಲ ಎಂದು ಅದೇ ಗಳಿಗೆಯಲ್ಲಿ ನಾಚಿಕೆಯೂ ಆಯಿತು.

ಆಗ ಹಿಂದಿನ ಟೈರಿನ ಮುಂದಿದ್ದ ತೆಳ್ಳನೆಯ ರಬ್ಬರ್ ಪೈಪಿನಿಂದ ಒಂದು ಹನಿ ಬಿತ್ತು. ಗಾಳಿ ಸೋಸುವ ಪೆಟ್ಟಿಗೆಯಿಂದ ಇಳಿದು ಬರುವ ಪೈಪು ಅದು. ಪೆಟ್ಟಿಗೆ ಬಿಚ್ಚಿದರೆ ತಳದಲ್ಲಿ ಎಣ್ಣೆ ನಿಂತಿತ್ತು. ಹೊಟ್ಟೆಗೆ ಹೆಚ್ಚಾದಾಗ ಎಂಜಿನ್ ಈ ಪೆಟ್ಟಿಗೆಯೊಳಗೇ ಕಕ್ಕುತ್ತದೆ. ಅವನು ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿ ಎಣ್ಣೆಯನ್ನೆಲ್ಲ ಅಳತೆಯ ಜಗ್ಗಿಗೆ ಇಳಿಸಿದ. ಇರಬೇಕಾದದ್ದು ಒಂದು ಲೀಟರ್. ಜಗ್ಗಿನಲ್ಲಿ ಒಂದೂವರೆ ಲೀಟರ್ ದಾಟಿತ್ತು.

ಎಣ್ಣೆ ಯಾರು ನೋಡಿಕೊಳ್ಳುತ್ತಿದ್ದರು ಎಂದು, ಬೇರೇನನ್ನೋ ಹುಡುಕುವವನಂತೆ ಕೇಳಿದ.

"ನಾನೇ," ಎಂದಳು. "ಪ್ರತಿ ಭಾನುವಾರ, ಅವರು ಏಳೋದ್ರೊಳಗೆ. ನೀನು ಗ್ಯಾಸ್ಕೆಟ್ ಹಾಕಿದ್ಮೇಲೆ ನಾನೇ ವಹಿಸ್ಕೊಂಡೆ. ಕಡ್ಡಿ ನೋಡಿದಾಗೆಲ್ಲ ಎಣ್ಣೆ ಕಮ್ಮಿನೇ ಇರ್ತಿತ್ತು. ನೆಲದ ಮೇಲೂ ತೊಟ್ಟಿಕ್ತಿತ್ತು. ಸೋರಿದಷ್ಟೂ ಹಾಕ್ತಿದ್ದೆ."

"ನಡು ಸ್ಟ್ಯಾಂಡ್ ಹಾಕ್ತಿದ್ದೆಯಾ?"

"ಅಷ್ಟು ಭಾರ ನನ್ನ ಕೈಲಿ ಎತ್ತೋಕಾಗುತ್ತಾ? ಪಕ್ಕದ ಸ್ಟ್ಯಾಂಡಲ್ಲೇ ನಿಂತಿರ್ತಿತ್ತು. ನಾನು ಹಾಕದಿದ್ರೆ ಎಂಜಿನ್ ಎಂದೋ ಸುಟ್ಟುಹೋಗ್ತಿತ್ತು. ಅಷ್ಟಾದ್ರೂ ನಾನು ಅವರನ್ನ ನೋಡ್ಕೊಂಡೆ. ಅದನ್ನ ನೆನಸ್ಕೊಂಡೇ ನಾನು ಬದುಕಿರೋದು."

ಪೌಡರಣ್ಣ ತಲೆಯೆತ್ತಲಿಲ್ಲ. ಪಕ್ಕದ ಸ್ಟ್ಯಾಂಡಿನಲ್ಲಿ ಬೈಕು ಎಡಕ್ಕೆ ವಾಲುತ್ತದೆ, ಎಣ್ಣೆಯೂ ಎಡಕ್ಕೆ ಸರಿಯುತ್ತದೆ. ಬಲಕ್ಕಿರುವ ಕಡ್ಡಿಗೆ ಎಣ್ಣೆ ತಾಗುವುದೇ ಇಲ್ಲ. ತುಂಬಿದ ಎಂಜಿನ್ನೂ ಖಾಲಿ ಎನ್ನುತ್ತದೆ. ಅವಳು ವಾರವಾರವೂ ಹಾಕಿದ್ದು ಹೆಚ್ಚಿನ ಎಣ್ಣೆ. ಅದೇ ಪೆಟ್ಟಿಗೆಗೆ ಏರಿ, ಪೈಪಿನಲ್ಲಿ ಇಳಿದು, ನೆಲಕ್ಕೂ ಟೈರಿಗೂ ಬಿದ್ದಿತ್ತು. ಅವಳು ಚಿಕ್ಕವಳಿದ್ದಾಗ ಅವನು ಬೈಕನ್ನು ತಾನೇ ನಡು ಸ್ಟ್ಯಾಂಡಿಗೆ ಏರಿಸಿ, ಬಾ, ಕಡ್ಡಿ ನೋಡು ಎಂದು ಕರೆಯುತ್ತಿದ್ದ. ಯಾಕೆ ಹಾಗೆ ನಿಲ್ಲಿಸಬೇಕೆಂದು ಒಂದು ದಿನವೂ ಹೇಳಿರಲಿಲ್ಲ. ಅಷ್ಟು ಚಿಕ್ಕ ಮಾತು ಹೇಳಿದ್ದರೆ ಭಾವ ಇವತ್ತು ಇರುತ್ತಿದ್ದ.

"ಗೊತ್ತಾಯ್ತಾ?" ಎಂದು ತಂಗಿ ಸ್ಟೂಲಿನಿಂದ ಎದ್ದಳು.

ಅವಳು ಬೈಕು ಸುತ್ತಿ ಬರಲು ನಾಲ್ಕು ಹೆಜ್ಜೆ. ಅಷ್ಟರಲ್ಲಿ ಅವನು ಹೆಬ್ಬೆರಳನ್ನು ಜಗ್ಗಿನ ಎಣ್ಣೆಯಲ್ಲಿ ಅದ್ದಿ, ಬೆಳ್ಳಗಿದ್ದ ಸಂದಿನ ಉದ್ದಕ್ಕೂ ಎಳೆದ.

"ಇಲ್ಲಿ," ಎಂದು ಟಾರ್ಚ್ ಹಿಡಿದ. "ನಾನು ಹಾಕಿದ ಗ್ಯಾಸ್ಕೆಟ್. ಸರಿಯಾಗಿ ಕೂತಿರಲಿಲ್ಲ."

ಅವಳು ಬಗ್ಗಿ ಆ ಕಪ್ಪು ಗೆರೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದರೂ ದನಿ ನಡುಗಲಿಲ್ಲ.

"ನೀನು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು ಅಣ್ಣ," ಎಂದಳು. "ಬೇರೆ ಏನಾದ್ರೂ ಇರ್ಲಿ ಅಂತ ದಾರಿಯುದ್ದಕ್ಕೂ ಬೇಡ್ಕೊಂಡು ಬಂದೆ. ಇನ್ನು ನಾನು ಬರಲ್ಲ."

ಬೈಕನ್ನು ಏನು ಬೇಕಾದರೂ ಮಾಡಿಕೊ ಎಂದು ಹೇಳಿ, ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಸ್ಟೂಲಿನ ಮೇಲಿಟ್ಟು, ಲಾರಿ ಹತ್ತಿ ಹೋದಳು.

ಪೌಡರಣ್ಣ ಆ ಬಟ್ಟೆಯಲ್ಲೇ ಹೆಬ್ಬೆರಳು ಒರೆಸಿಕೊಂಡು ಮತ್ತೆ ಬೈಕಿನ ಮುಂದೆ ಕೂತ. ಎಂಜಿನ್ನಿನ ತಳದ ಬೋಲ್ಟನ್ನು ತಿರುಗಿಸಿ, ಒಂದೇ ಒಂದು ಸಲ ಬಿಗಿದ.