ಏತದ ಬಾವಿಯ ಎರಡನೇ ರೀಲು

ಪ್ರೊಜೆಕ್ಟರ್ ನಡೆಸುವ ಆಂಜನಪ್ಪ ಸ್ಟೂಲು ಹತ್ತಿ ಕೊನೆಯ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದ. ಖಮರುನ್ನೀಸಾ ಬಾಗಿಲಲ್ಲೇ ನಿಂತುಬಿಟ್ಟಳು. ಹೊರಗೆ ಭಾನುವಾರದ ಬೆಳಗಿನ ಚುರುಕು ಬಿಸಿಲು, ಒಳಗೆ ಆಗಲೇ ಮುಸ್ಸಂಜೆ. ತುಮಕೂರಿನ ಆ ಹೈಸ್ಕೂಲಿನ ಸಭಾಂಗಣದಲ್ಲಿ ಒಂದಷ್ಟು ಕಬ್ಬಿಣದ ಕುರ್ಚಿ, ಎದುರು ಗೋಡೆಗೆ ಇಳಿಬಿಟ್ಟ ಬಿಳಿ ಬಟ್ಟೆ, ಹಿಂದೆ ಮೇಜಿನ ಮೇಲೆ ಪ್ರೊಜೆಕ್ಟರ್. ಇಷ್ಟರೊಳಗೇ ಎಲ್ಲೋ ತನ್ನ ಮಗಳು ಇದ್ದಾಳೆ ಎಂದರೆ ನಂಬುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

"ಬಾ ಬೂಬಮ್ಮ, ಬಾಗ್ಲಲ್ಲಿ ನಿಂತ್ರೆ ಪಿಚ್ಚರ್ ಕಾಣಾಕಿಲ್ಲ," ಎಂದು ಪುಟ್ಟಗಂಗಮ್ಮ ಅವಳ ಮೊಣಕೈ ಹಿಡಿದು ಎಳೆದಳು. "ನೋಡು, ಈರೋಯಿನ್ನು ನಾನೇ ಬಂದಿವ್ನಿ, ಒಬ್ರಾದ್ರೂ ಎದ್ದು ನಿಂತ್ರಾ?"

ಪುಟ್ಟಗಂಗಮ್ಮ ಗುಬ್ಬಿಯ ಸಂತೆಯಲ್ಲಿ ಸೊಪ್ಪು ಮಾರುವವಳು. ಎರಡು ವರ್ಷದ ಹಿಂದೆ, ಎಪ್ಪತ್ತೇಳರ ಬೇಸಿಗೆಯಲ್ಲಿ, ಬೆಂಗಳೂರಿನಿಂದ ಒಂದಷ್ಟು ಹುಡುಗರು ಸಾಲ ಸೋಲ ಮಾಡಿ ಕ್ಯಾಮೆರಾ ತಂದು ಗುಬ್ಬಿಯ ಹೊರಗೆ ಚಿತ್ರ ತೆಗೆದರು. ಹೆಸರು 'ಏತದ ಬಾವಿ.' ಸಂತೆಯಲ್ಲಿ ಕೂತಿದ್ದ ಪುಟ್ಟಗಂಗಮ್ಮನ ಮುಖದ ಸುಕ್ಕು ನೋಡಿ ಡೈರೆಕ್ಟರು ಅವಳನ್ನೇ ಅಜ್ಜಿ ಮಾಡಿಬಿಟ್ಟ. ಮೊಮ್ಮಗಳ ಪಾತ್ರಕ್ಕೆ ಹುಡುಗಿಯನ್ನು ಹುಡುಕುತ್ತಿರುವಾಗ ಅವನು ಲಂಗ ರವಿಕೆ ಹೊಲಿಸಲು ಖಮರುನ್ನೀಸಾಳ ಗಂಡ, ಟೈಲರ್ ದಸ್ತಗೀರ್ ಸಾಬ್‌ನ ಅಂಗಡಿಗೆ ಬಂದಿದ್ದ. ಅಲ್ಲಿ ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಚೂರುಗಳ ರಾಶಿಯಲ್ಲಿ ಕೂತು ಗೊಂಬೆಗೆ ಬುರ್ಖಾ ಹೊಲಿಯುತ್ತಿದ್ದವಳು ಅವರ ಮಗಳು ಬಿಲ್ಕೀಸ್. ಮನೆಯಲ್ಲಿ ಬಿಲ್ಲು. "ಸಾಬ್ರೇ, ಲಂಗಾನೂ ನೀವೇ ಹೊಲೀರಿ, ಹುಡುಗೀನೂ ನೀವೇ ಕೊಡಿ," ಎಂದು ಡೈರೆಕ್ಟರು ನಕ್ಕಿದ್ದ.

ಆ ವರ್ಷದ ಮಳೆಗಾಲದಲ್ಲೇ ಬಿಲ್ಲುವಿಗೆ ಮಿದುಳುಜ್ವರ ಬಂತು. ವಾರ ತುಂಬಲಿಲ್ಲ.

ಮನೆಯಲ್ಲಿ ಅವಳದೊಂದು ಫೋಟೋವೂ ಇರಲಿಲ್ಲ. ಅದರ ಕೊರಗು ಖಮರುನ್ನೀಸಾಗೆ ಅಷ್ಟಾಗಿ ಇರಲಿಲ್ಲ. ಮುಖ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೈಜಾರುತ್ತಿದ್ದದ್ದು ದನಿ. ಮೊದಮೊದಲು ಪಾತ್ರೆ ಬೆಳಗುವಾಗ, ಅಕ್ಕಿ ಆರಿಸುವಾಗ ಬೆನ್ನ ಹಿಂದೆ ಕೇಳಿಸುತ್ತಿತ್ತು. ಆಮೇಲೆ ಕರೆದರೆ ಬರುತ್ತಿತ್ತು. ಈಗ ಕರೆದರೂ ಬಾರದು. ಮಾತು ನೆನಪಾಗುತ್ತದೆ, ಅದನ್ನು ಆಡಿದ ದನಿ ಮಾತ್ರ ಇಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ದನಿಯನ್ನು ತಾನೇ ಮರೆಯುವುದೆಂದರೆ ಎಂಥ ತಾಯಿ ತಾನು ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು. ತುಮಕೂರಿನ ಚಿತ್ರ ಸಮಾಜದವರು ಆ ಚಿತ್ರ ಹಾಕುತ್ತಾರೆಂದು ಪುಟ್ಟಗಂಗಮ್ಮ ಹೇಳಿದಂದಿನಿಂದ ಅವಳಿಗೆ ಒಂದೇ ಧ್ಯಾನ, ಆ ದನಿಯನ್ನು ಒಮ್ಮೆ ಕೇಳಿ ಮತ್ತೆ ಜೋಪಾನ ಮಾಡಿಕೊಳ್ಳಬೇಕು.

ಗಂಡ ಬರಲಿಲ್ಲ. ಭಾನುವಾರವೂ ಅಂಗಡಿ ತೆಗೆದು ಕೂತ. ಮನೆಯೊಳಗೆ ಅವರ ಮಾತು ಉರ್ದು. ಆ ಮಾತಿನಲ್ಲೇ ತಲೆ ಎತ್ತದೆ ಹೇಳಿದ್ದ: "ನನ್ನ ಕೈಲಿ ಆಗಲ್ಲ. ನೀನು ಹೋಗಿ ಕೇಳ್ಕೊಂಡು ಬಾ. ಹೇಗಿತ್ತು ಅಂತ ನಂಗೆ ಹೇಳು."

ದೀಪ ಆರಿತು. ಪ್ರೊಜೆಕ್ಟರಿನ ಕಟಕಟ ಶುರುವಾಯಿತು.

ಬಟ್ಟೆಯ ಮೇಲೆ ಗುಬ್ಬಿಯ ಕೆಮ್ಮಣ್ಣಿನ ಹಾದಿ ಕಪ್ಪು ಬಿಳುಪಾಗಿ ಮೂಡಿತು. ಸೊಂಟದಲ್ಲಿ ಬಿಂದಿಗೆ ಇಟ್ಟು ಅಜ್ಜಿ ನಡೆದು ಬಂದಳು. "ಅಯ್ಯೋ ಶಿವನೇ, ನಾನ್ ಇಷ್ಟೊಂದ್ ಮುದುಕಿ ಆಗಿವ್ನಾ?" ಎಂದು ಪುಟ್ಟಗಂಗಮ್ಮ ಜೋರಾಗಿಯೇ ಅಂದಳು. ನಾಲ್ಕಾರು ಜನ ನಕ್ಕರು. ಮೊದಲ ರೀಲಿನಲ್ಲಿ ಬಿಲ್ಲು ದೂರದಲ್ಲಿದ್ದಳು. ಬೆನ್ನು, ಎರಡು ಜಡೆ, ಅಪ್ಪ ಹೊಲಿದ ಲಂಗದ ಅಂಚು. ನೆರಿಗೆ ಅಡಗಿಸಿ ಹೊಲಿದದ್ದು ಖಮರುನ್ನೀಸಾಗೆ ಗೊತ್ತಿತ್ತು. ಮುಂದಿನ ವರ್ಷಕ್ಕೂ ಆಗಲಿ ಎಂದು ಗಂಡ ಬಟ್ಟೆ ಒಳಗೆ ಬಿಟ್ಟಿದ್ದ.

ರೀಲು ಬದಲಿಸಲು ದೀಪ ಹಾಕಿದಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪುಟ್ಟಗಂಗಮ್ಮ ಯಾಕೋ ಮಾತು ನಿಲ್ಲಿಸಿದ್ದಳು.

ಎರಡನೇ ರೀಲಿನಲ್ಲಿ ಬಿಲ್ಲು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಕ್ಯಾಮೆರಾ ಅವಳ ಹತ್ತಿರ ಹೋಯಿತು. ಮುಖ ಗೋಡೆಯಷ್ಟಾಯಿತು. ಗಲ್ಲದ ಮೇಲಿನ ಸೀತಾಳೆಸಿಡುಬಿನ ಕಲೆಯೂ ಕಂಡಿತು. ಖಮರುನ್ನೀಸಾ ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿದಳು. ಮಗು ಬಾಯಿ ತೆರೆಯಿತು.

"ಅಜ್ಜೀ, ನೀರು ಬಂತಾ?"

ಗಂಟೆ ಬಡಿದಂಥ, ಸ್ವಚ್ಛವಾದ ಕನ್ನಡದ, ಯಾವುದೋ ಹುಡುಗಿಯ ದನಿ.

ಅವಳು ಒಂದಿಷ್ಟು ಮುಂದಕ್ಕೆ ಬಾಗಿದಳು. ಇನ್ನೊಮ್ಮೆ ಮಾತಾಡಲಿ, ತಾನೇ ತಪ್ಪು ಕೇಳಿಸಿಕೊಂಡಿರಬೇಕು ಎಂದುಕೊಂಡಳು. ಮಗು ಇನ್ನೊಮ್ಮೆ ಮಾತಾಡಿತು, ಮತ್ತೊಮ್ಮೆ ಮಾತಾಡಿತು. ಪ್ರತಿ ಸಲವೂ ಅದೇ ಗಂಟೆಯ ದನಿ.

"ಅಜ್ಜಿ, ಇದು ಬಿಲ್ಲು ದನಿ ಅಲ್ಲ," ಎಂದು ಪುಟ್ಟಗಂಗಮ್ಮನ ಕಿವಿಯಲ್ಲಿ ಅಂದಳು.

"ಹ್ಞೂಂ ಕಣವ್ವ," ಎಂದು ಪುಟ್ಟಗಂಗಮ್ಮ ಕತ್ತಲಲ್ಲೇ ಅವಳ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡಳು. "ಆವಾಗ ಬರೀ ಚಿತ್ರ ಇಡ್ಕೊಂಡ್ರಂತೆ, ಮಾತು ಇಡ್ಕೊಳ್ಳೋ ಮಿಷನ್ನು ಇರ್ಲಿಲ್ವಂತೆ. ದೀಪಾವಳಿ ಆದ್ಮೇಲೆ ನನ್ನ ಬೆಂಗ್ಳೂರ್ಗೆ ಕರ್ಕೊಂಡೋಗಿ ಕತ್ಲೆ ರೂಮಲ್ಲಿ ನಿಲ್ಸಿ ಮಾತಾಡ್ಸುದ್ರು. ಅಷ್ಟೊತ್ತಿಗೆ ಕೂಸು ಎಲ್ಲಿತ್ತು? ಯಾರೋ ಡಾಕ್ಟ್ರ ಮಗಳ್ನ ಕರ್ಸಿದ್ರು. ನೀನು ಬಸ್ಸಲ್ಲಿ ಅಷ್ಟು ಆಸೆ ಮಾಡ್ಕೊಂಡ್ ಕೂತಿದ್ದೆ, ನನ್ಗೆ ಏಳಾಕೆ ಬಾಯೇ ಬರ್ನಿಲ್ಲ."

ಚಿತ್ರ ಮುಗಿದ ಮೇಲೆ ಯಾರೂ ಏಳಲಿಲ್ಲ. ಕುರ್ಚಿಗಳನ್ನು ದುಂಡಗೆ ಎಳೆದುಕೊಂಡರು. ಆ ಚಿತ್ರ ಸಮಾಜದ ಕಟ್ಟಳೆಯೇ ಹಾಗೆ: ಯಾವುದು ಹಿಡಿಸಿತು, ಯಾವುದು ನಿರಾಸೆ ಮಾಡಿತು ಎಂದು ಬಂದವರೆಲ್ಲ ಬಾಯಿಬಿಟ್ಟು ಹೇಳಬೇಕು, ಬರೀ 'ಚೆನ್ನಾಗಿತ್ತು' ನಡೆಯದು. ಸುತ್ತು ಪೂರೈಸುವವರೆಗೆ ಟೀ ಬಾರದು. ಸಮಾಜದ ಕಾರ್ಯದರ್ಶಿ ಸುಬ್ಬಕೃಷ್ಣ ಬ್ಯಾಂಕಿನಲ್ಲಿದ್ದವನು, ಇದರಲ್ಲಿ ಬಲು ಬಿಗಿ. ಹಿಂದೆ ಆಂಜನಪ್ಪ ರೀಲು ಸುತ್ತುತ್ತಿದ್ದ. ಸಂಜೆ ಕುಣಿಗಲ್‌ನಲ್ಲಿ ಇದೇ ಚಿತ್ರ. ಡಬ್ಬಗಳನ್ನು ಹೊತ್ತು ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು.

ವಕೀಲ ಜಯರಾಮಯ್ಯನವರು ಮೊದಲು ಶುರುಮಾಡಿದರು. "ಹೋದ ತಿಂಗಳು ಹಾಕಿದ್ಯಲ್ಲಯ್ಯ ಸುಬ್ಬಕೃಷ್ಣ, ಅದ್ರಲ್ಲಿ ಒಬ್ಬ ಪುಣ್ಯಾತ್ಮ ಒಂದ್ ಗಂಟೆ ಕಿಟಕಿ ನೋಡ್ತಾ ನಿಂತಿದ್ದ. ಇದ್ರಲ್ಲಿ ಒಂದ್ ಗಂಟೆ ಬಾವಿ ನೋಡ್ತಾರೆ. ನಿಮ್ಮ ಆರ್ಟ್ ಫಿಲಂನೋರಿಗೆ ನೋಡೋದ್ ಬಿಟ್ರೆ ಬೇರೆ ಕಸುಬು ಇಲ್ವಾ?"

"ನೀವು ಗೊರಕೆ ಹೊಡೆದಿದ್ದು ನಾನು ಕೇಳಿದೀನಿ," ಎಂದರು ಪದ್ಮಮ್ಮ ಮೇಡಂ. ಅವರು ಕನ್ಯಾಶಾಲೆಯಲ್ಲಿ ಪಾಠ ಹೇಳುವವರು. "ನೋಡಿದ್ದು ಯಾವಾಗ ಸಾರ್?"

"ಗೊರಕೆ ಹೊಡೆದ್ರೂ ಕಣ್ಣು ತೆರೆದೇ ಇತ್ತು ತಾಯಿ. ಕೋರ್ಟಲ್ಲಿ ಅಭ್ಯಾಸ."

ನಗುವೆಲ್ಲ ಅಡಗಿದ ಮೇಲೆ ಪದ್ಮಮ್ಮ ಹೇಳಿದರು. ತಮಗೆ ಇವತ್ತಿಗೂ ಅಚ್ಚುಮೆಚ್ಚು ಹೋದ ವರ್ಷ ನೋಡಿದ ಬೆಸ್ತರ ಹೆಂಗಸಿನ ಚಿತ್ರವೇ. ಅದಕ್ಕೆ ಹೋಲಿಸಿದರೆ ಇದು ಕೊನೆಕೊನೆಗೆ ಭಾಷಣವಾಯಿತು. ಊರಗೌಡ ಬಂದು ಬೈಯುವ ಜಾಗವೆಲ್ಲ ನಿರಾಸೆ. "ಆದ್ರೆ ಆ ಮಗು ಇದೆಯಲ್ಲ, ಅದರ ದನಿ! ಇಡೀ ಚಿತ್ರ ನಿಂತಿರೋದೇ ಆ ದನಿ ಮೇಲೆ. ಬೇರೆ ಎಲ್ಲಾ ಮರೆತ್ರೂ ಅದೊಂದನ್ನ ನಾನು ಮರೆಯಲ್ಲ."

ಖಮರುನ್ನೀಸಾ ನೆಲ ನೋಡಿದಳು.

"ಅಲ್ಲೇ ಅವ್ರು ಕೆಲಸ ಕೆಡ್ಸಿರೋದು," ಎಂದರು ಜಯರಾಮಯ್ಯ. "ಬಾವಿಕಟ್ಟೆ ಮೇಲೆ ಕೂತು ಹೇಳತ್ತಲ್ಲ ಮೊದಲನೇ ಮಾತು, ಅಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಅಜ್ಜೀ ಅನ್ನೋಕೆ ಯಾರಾದ್ರೂ ತುಟಿ ಮುಚ್ತಾರಾ? ಬೇಜವಾಬ್ದಾರಿ. ಆ ಶಾಟನ್ನ ಕತ್ತರಿಸಿ ಬಿಸಾಕ್ಬೇಕಿತ್ತು."

ಖಮರುನ್ನೀಸಾ ತಟ್ಟನೆ ತಲೆ ಎತ್ತಿದಳು.

ಆ ಶಾಟು ತೆಗೆದ ದಿನದ ಕಥೆಯನ್ನು ಗಂಡ ಮನೆಗೆ ಬಂದು ನಕ್ಕು ನಕ್ಕು ಹೇಳಿದ್ದ. ಮಗು ಹೇಳಿಕೊಟ್ಟ ಮಾತು ಮರೆತಿತ್ತು. ಕ್ಯಾಮೆರಾದ ಪಕ್ಕದಲ್ಲಿ ಇನ್ನೊಂದು ಲಂಗ ತೋಳ ಮೇಲೆ ಹಾಕಿಕೊಂಡು ನಿಂತಿದ್ದ ಅಪ್ಪನ ಕಡೆ ನೋಡಿ, "ಅಬ್ಬಾ, ಭೂಕ್ ಲಗ್ರೀ" ಅಂದುಬಿಟ್ಟಿತ್ತು. ಅಪ್ಪಾ, ಹಸಿವಾಗ್ತಿದೆ. ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಬಿಸಿಲು ಇಳಿಯುತ್ತಿದೆ, ಮತ್ತೆ ತೆಗೆಯಲು ರೀಲಿಲ್ಲ, ಮುಖ ಚೆನ್ನಾಗಿ ಬಂದಿದೆ, ಮಾತನ್ನು ಆಮೇಲೆ ಸೇರಿಸೋಣ ಎಂದಿದ್ದ ಡೈರೆಕ್ಟರು. "ತಡಿಯಮ್ಮ, ಇನ್ನೇನು ಆಯ್ತು," ಎಂದು ತಾನು ಮಗಳಿಗೆ ಹೇಳಿದೆ ಎಂದೂ ಗಂಡ ಹೇಳಿದ್ದ. ಮಗಳು ಹೋದ ಮೇಲೆ ಆ ಕಥೆಯನ್ನು ಅವನು ಮತ್ತೆ ಎತ್ತಿರಲಿಲ್ಲ.

ಸುತ್ತು ತಿರುಗಿ ಅವಳ ಬಳಿ ಬಂದು ನಿಂತಿತು.

"ನೀವೂ ಒಂದು ಮಾತು ಹೇಳ್ಬೇಕಮ್ಮ," ಎಂದ ಸುಬ್ಬಕೃಷ್ಣ. "ಸಂಕೋಚ ಬೇಡ. ಗಂಗಮ್ಮನೋರ ಜೊತೆ ಬಂದಿದೀರಲ್ವಾ, ಪಕ್ಕದ ಮನೆಯೋರಾ?"

ಅವಳು ಎದ್ದು ನಿಂತಳು. ಹಾಗೆ ನಿಲ್ಲಬೇಕಿಲ್ಲವೆಂದು ಯಾರೋ ಅಂದರೂ ಕೂರಲಿಲ್ಲ.

"ಮಾತಾಡಿರೋ ಮಗು ಚೆನ್ನಾಗ್ ಮಾತಾಡೈತೆ. ಯಾರ ಮಗುನೋ, ನೂರು ವರ್ಷ ಬಾಳ್ಲಿ." ಖಾಲಿ ಬಟ್ಟೆಯ ಕಡೆ ಕೈ ತೋರಿಸಿದಳು. "ಕೂತಿರೋದು ನನ್ನ ಮಗಳು. ಅವಳು ಈಗಿಲ್ಲ. ಆ ಜಾಗ ಮಾತ್ರ ಇನ್ನೊಂದ್ ಸಲ ಬಿಡ್ತೀರಾ ಸಾರ್? ದನಿ ಬೇಡ."

ಪದ್ಮಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸುಬ್ಬಕೃಷ್ಣ ಹಿಂದಕ್ಕೆ ತಿರುಗಿದ.

"ಬಸ್ಸು ಹೋಗ್ಬುಡ್ತದೆ ಸಾರ್," ಎಂದ ಆಂಜನಪ್ಪ. ಅಂದವನೇ, ಡಬ್ಬಕ್ಕೆ ಹಾಕಿದ್ದ ಎರಡನೇ ರೀಲನ್ನು ಮತ್ತೆ ಹೊರಗೆ ತೆಗೆದ.

ಒಂದು ಕಿಟಕಿಯ ಕಂಬಳಿ ಜಾರಿತ್ತು. ಜಯರಾಮಯ್ಯನವರು ಹೋಗಿ ಅದರ ಎರಡೂ ತುದಿ ಹಿಡಿದು, ಕೈ ಮೇಲೆತ್ತಿ, ಗೋಡೆಗೆ ಮುಖ ಮಾಡಿ ನಿಂತರು. ರೀಲು ಮುಗಿಯುವವರೆಗೆ ಅವರು ಈ ಕಡೆ ತಿರುಗಲಿಲ್ಲ.

ಖಮರುನ್ನೀಸಾ ಬಟ್ಟೆಯ ಹತ್ತಿರಕ್ಕೆ ಹೋಗಿ ನೆಲದ ಮೇಲೆ ಕೂತಳು. ಕೆಮ್ಮಣ್ಣಿನ ಹಾದಿ, ಏತ, ಅಜ್ಜಿ, ಎಲ್ಲವೂ ಸದ್ದಿಲ್ಲದೆ ಬಂದು ಹೋದವು. ಬಾವಿಕಟ್ಟೆ ಬಂತು. ಮುಖ ದೊಡ್ಡದಾಯಿತು. ಫ್ಯಾನಿನ ಗಾಳಿಗೆ ಬಟ್ಟೆ ಅಲುಗಿ ಬಿಲ್ಲುವಿನ ಕೆನ್ನೆ ಒಮ್ಮೆ ಉಬ್ಬಿ ತಗ್ಗಿತು. ಅವಳು ಅಜ್ಜಿಯನ್ನು ನೋಡುತ್ತಿರಲಿಲ್ಲ. ಕಣ್ಣು ಸ್ವಲ್ಪ ಪಕ್ಕಕ್ಕೆ, ಲಂಗ ಹಿಡಿದು ಯಾರೋ ನಿಂತಿದ್ದ ಜಾಗಕ್ಕೆ ಹೊರಳಿತ್ತು. ತುಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ಅಬ್ಬಾ.

ತುಟಿಗಳು ಇನ್ನೊಂದು ಸಲ ಕೂಡಿ ಬಿಟ್ಟವು. ಭೂಕ್ ಲಗ್ರೀ. ಮೂಗಿನ ತುದಿ ಸುಕ್ಕಾಯಿತು, ಹಸಿದಾಗೆಲ್ಲ ಹಾಗೆಯೇ.

ಖಮರುನ್ನೀಸಾ ಕಣ್ಣು ಮುಚ್ಚಲಿಲ್ಲ. ಇದ್ದಬದ್ದ ನೆನಪನ್ನೆಲ್ಲ ಕಿವಿಗೆ ತಂದು ಕಾದಳು. ಮಾತು ಎದುರಿಗಿತ್ತು, ಬಾಯಿ ಎದುರಿಗಿತ್ತು. ದನಿಯೊಂದು ಬಂದರೆ ಸಾಕಿತ್ತು. ಬರಲಿಲ್ಲ. ಪ್ರೊಜೆಕ್ಟರಿನ ಕಟಕಟ ಒಂದೇ ಕೇಳುತ್ತಿತ್ತು. ಮಗು ಉತ್ತರಕ್ಕೆ ಕಾಯುವ ಹಾಗೆ ಇನ್ನೊಂದು ಗಳಿಗೆ ಅತ್ತ ಕಡೆಯೇ ನೋಡಿತು, ಆಮೇಲೆ ಬಾವಿ ಬಂತು.

ಆಂಜನಪ್ಪ ಯಂತ್ರ ನಿಲ್ಲಿಸಿ ದೀಪ ಹಾಕದೆ ಹಾಗೇ ನಿಂತಿದ್ದ. ಪುಟ್ಟಗಂಗಮ್ಮ ಬಂದು ಅವಳನ್ನು ಎಬ್ಬಿಸಿದಳು. ಟೀ ಬಂದದ್ದು, ಯಾರೋ ಲೋಟ ಕೈಗಿಟ್ಟದ್ದು, ಪದ್ಮಮ್ಮ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದದ್ದು, ಇದ್ಯಾವುದೂ ಅವಳಿಗೆ ಆಮೇಲೆ ಸರಿಯಾಗಿ ನೆನಪಾಗಲಿಲ್ಲ.

ಗುಬ್ಬಿಗೆ ಬಂದಾಗ ಬಿಸಿಲು ಬಾಗಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ದಸ್ತಗೀರ್ ಸಾಬ್ ಮಿಷನ್ ತುಳಿಯುತ್ತಿದ್ದ. ಪಕ್ಕದಲ್ಲಿ ಸ್ಕೂಲ್ ಯೂನಿಫಾರಮ್ಮಿನ ನೀಲಿ ಲಂಗಗಳ ರಾಶಿ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದರೂ ಅವನು ತಲೆ ಎತ್ತಲಿಲ್ಲ. ಕಾಲು ಮಾತ್ರ ನಿಂತಿತು.

"ಕೇಳಿಸ್ತಾ?"

ದಾರಿಯುದ್ದಕ್ಕೂ ಅವಳು ಈ ಪ್ರಶ್ನೆಗೆ ಏನೇನೋ ಜೋಡಿಸಿಕೊಂಡಿದ್ದಳು. ಅವೆಲ್ಲವನ್ನೂ ಬಿಟ್ಟು, ಕಂಡದ್ದನ್ನಷ್ಟೇ ಹೇಳಿದಳು.

"ಬಾವಿಕಟ್ಟೆ ಮೇಲೆ ಕೂತಿದಾಳೆ," ಎಂದಳು. "ನಿಮ್ಮನ್ನೇ ನೋಡ್ತಾಳೆ."

"ನನ್ನನ್ನ?"

"ಅಬ್ಬಾ ಅಂತಾಳೆ. ಆಮೇಲೆ ಆ ಮಾತು ಹೇಳ್ತಾಳೆ."

"ಅದನ್ನ ತೆಗೆದುಹಾಕಿರ್ತಾರೆ ಅಂದ್ಕೊಂಡಿದ್ದೆ."

"ಇಲ್ಲ. ಹಾಗೇ ಇದೆ."

ಅವನು ಬಹಳ ಮೆಲ್ಲಗೆ ಕೇಳಿದ. "ದನಿ ಹೇಗಿತ್ತು?"

ಅವಳು ಅಡುಗೆಮನೆಯ ಕಡೆ ತಿರುಗಿದಳು. "ಊಟ ಮಾಡಿದ್ರಾ?" ಎಂದಳು. ಅಡುಗೆಮನೆಯ ಮೂಲೆಯಲ್ಲಿ ಬೆಳಗ್ಗೆ ಮುಚ್ಚಿಟ್ಟು ಹೋಗಿದ್ದ ತಟ್ಟೆ ಮುಚ್ಚಿದ ಹಾಗೇ ಇತ್ತು.

ಅವಳು ಒಲೆ ಹಚ್ಚಿದಳು. ಹೊರಗೆ ಮಿಷನ್ನು ಮತ್ತೆ ಶುರುವಾಯಿತು. ಸಾರು ಬಿಸಿಮಾಡಿ, ತಟ್ಟೆ ಹಿಡಿದು ಅವಳು ಹೊರಬಂದಾಗ ಅವನು ಬಾಗಿಲ ಆಚೆ ನೋಡುತ್ತ ಒಂದೇ ಸಮನೆ ತುಳಿಯುತ್ತಿದ್ದ. ನೀಲಿ ಲಂಗಗಳು ರಾಶಿಯಲ್ಲೇ ಇದ್ದವು. ಸೂಜಿ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಕೆಳಗೆ ಬಟ್ಟೆಯೇ ಇರಲಿಲ್ಲ.